ಒಂದೇ ಗುಡ್ಡ, ಹನ್ನೆರಡು ತಿಂಗಳ ಕೆಲಸ

ಒಂದು ದಿನ ಸಸಿ ನೆಟ್ಟರೆ ಗುಡ್ಡ ಉಳಿಯುವುದಿಲ್ಲ. ಗೋಕಾಕ ಸೀಮೆಯ ಕೊಳ್ಳ, ಕುರುಚಲು ಕಾಡು ಮತ್ತು ಕಾಲುದಾರಿಗಳಿಗೆ ಬೇಕಾಗಿರುವುದು ವರ್ಷವಿಡೀ ತಿರುಗಿ ಬರುವ ಕೈಗಳು.

ಶ್ರಾವಣದಲ್ಲಿ ಘಟಪ್ರಭೆ ತುಂಬಿ ಬಂದಾಗ ಗೋಕಾಕ ಫಾಲ್ಸಿನ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಕುದುರೆ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಕೆಂಪು ನೀರು ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ, ಗಡಿಯಾಚೆಯ ಕೊಲ್ಲಾಪುರ, ಸಾಂಗಲಿಯಿಂದ ಜನ ಬರುತ್ತಾರೆ. ಅಲ್ಲಿಂದ ಕೆಲವರು ಯೋಗಿಕೊಳ್ಳದ ಕಡೆ ಹೊರಡುತ್ತಾರೆ, ಇನ್ನು ಕೆಲವರು ಮಾರ್ಕಂಡೇಯ ನದಿ ಎರಡು ಹಂತದಲ್ಲಿ ಇಳಿಯುವ ಗೊಡಚಿನಮಲ್ಕಿಗೆ ಹೋಗುತ್ತಾರೆ. ಎಲ್ಲರ ಕಣ್ಣೂ ನೀರಿನ ಮೇಲೆ. ಕಾಲ ಕೆಳಗಿನ ದಾರಿಯನ್ನು ನೋಡುವವರು ಕಡಿಮೆ.

ಆ ದಾರಿಯನ್ನೇ ಒಮ್ಮೆ ಗಮನವಿಟ್ಟು ನೋಡಬೇಕು. ಮೊದಲು ಒಬ್ಬರು ನಡೆಯುವಷ್ಟಿದ್ದ ಜಾಡು ನಾಲ್ಕಾರು ಕವಲಾಗಿ ಒಡೆದಿರುತ್ತದೆ. ಕೆಸರು ತಪ್ಪಿಸಲು ಒಬ್ಬರು ಪಕ್ಕದ ಹುಲ್ಲು ತುಳಿದಿದ್ದಾರೆ, ಅವರ ಹಿಂದೆ ನೂರು ಜನ ಅಲ್ಲೇ ಹೋಗಿದ್ದಾರೆ. ಹುಲ್ಲು ಸತ್ತಿದೆ, ಮಣ್ಣು ಮಳೆಗೆ ಕೊಚ್ಚಿಹೋಗಿದೆ, ಗಿಡದ ಬೇರು ಹೊರಬಿದ್ದಿದೆ. ಮುಂದಿನ ಮಳೆಗಾಲಕ್ಕೆ ಅದೇ ಜಾಡು ಹರಿಯುವ ಕಾಲುವೆ. ಬರಿಯ ಮಣ್ಣು ಸಿಕ್ಕ ಕಡೆ ಕಾಂಗ್ರೆಸ್ ಕಸ ಬೇರೂರುತ್ತದೆ, ಅದರ ಹಿಂದೆ ಲಂಟಾನ ಬರುತ್ತದೆ. ಒಂದು ಕಾಲುದಾರಿ ಕೆಟ್ಟಿತೆಂದರೆ ಅದರ ಅಕ್ಕಪಕ್ಕದ ಇಡೀ ಇಳಿಜಾರು ಕೆಡಲು ಶುರುವಾಯಿತು ಎಂದೇ ಅರ್ಥ.

ಇದನ್ನು ತಡೆಯುವ ಕೆಲಸಕ್ಕೆ ದೊಡ್ಡ ಯಂತ್ರ ಬೇಡ, ಕೋಟಿ ರೂಪಾಯಿಯ ಯೋಜನೆಯೂ ಬೇಡ. ಗುದ್ದಲಿ, ಸಲಿಕೆ, ಹಾರೆ, ಕುಡಗೋಲು ಮತ್ತು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಹತ್ತು ಮಂದಿ ಸಾಕು. ಜಗತ್ತಿನ ಅನೇಕ ಕಡೆ ಕಾಡಂಚಿನ ದಾರಿಗಳೂ ಊರ ಪಕ್ಕದ ಗುಡ್ಡಗಳೂ ಇಂಥ ಸ್ವಯಂಸೇವಕರ ಕೈಯಲ್ಲಿ ಉಳಿದಿವೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಕೆಲಸ ಹೇಗೆ ನಡೆಯಬೇಕು, ಯಾವ ತಪ್ಪು ತಪ್ಪಿಸಬೇಕು ಎಂಬುದನ್ನು ಬಿಡಿಸಿ ನೋಡುವ ಹೊತ್ತು ಇದು.

ಬಂಜರಲ್ಲ, ಬರದ ನಾಡಿನ ಕಾಡು

ಕೆಲಸಕ್ಕೆ ಕೈ ಹಾಕುವ ಮೊದಲು ನೆಲದ ಗುಣ ತಿಳಿಯಬೇಕು. ಗೋಕಾಕದ ಬಂಡೆ ಕಲಾದಗಿ ಶಿಲಾವರ್ಗಕ್ಕೆ ಸೇರಿದ ಗಟ್ಟಿ ಮರಳುಗಲ್ಲು. ಬಹುಕೋಶ ಜೀವಿಗಳು ಭೂಮಿಯಲ್ಲಿ ನೆಲೆಯೂರುವುದಕ್ಕೂ ಬಹಳ ಹಿಂದೆ, ಯಾವುದೋ ನೀರಿನ ತಳದಲ್ಲಿ ಮರಳು ಪದರಪದರವಾಗಿ ಕೂತು ಗಟ್ಟಿಯಾದದ್ದು ಇದು. ಈ ಕಲ್ಲು ಸವೆದು ಮಣ್ಣಾಗುವುದು ಬಹಳ ನಿಧಾನ. ಹಾಗಾಗಿ ಗುಡ್ಡದ ಮೇಲೆ ಮಣ್ಣು ಕೆಲವೆಡೆ ಗೇಣುದ್ದ, ಕೆಲವೆಡೆ ಬೆರಳುದ್ದ. ಬಂಡೆಯ ಬಿರುಕಿನಲ್ಲಿ ಕೂತ ಒಂದು ಹಿಡಿ ಮಣ್ಣೇ ಒಂದು ಗಿಡದ ಆಸ್ತಿ. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಈ ಸೀಮೆಗೆ ಬೀಳುವ ಮಳೆಯೂ ಕಡಿಮೆ. ಘಟಪ್ರಭೆ ತುಂಬುವುದು ಪಶ್ಚಿಮದ ಘಟ್ಟದಲ್ಲಿ ಸುರಿದ ಮಳೆಯಿಂದಲೇ ಹೊರತು ಇಲ್ಲಿನ ಗುಡ್ಡದ ಮೇಲೆ ಬಿದ್ದ ಹನಿಗಳಿಂದ ಅಲ್ಲ.

ಇಂಥ ನೆಲದಲ್ಲಿ ಕೊಡಗಿನ ಕಾಡನ್ನು ನಿರೀಕ್ಷಿಸುವುದು ತಪ್ಪು. ಇಲ್ಲಿ ಬೆಳೆಯಬೇಕಾದವು ಕಮರ, ದಿಂಡಲ, ಮುತ್ತಲ, ಬನ್ನಿ, ಕರಿಜಾಲಿ, ಬಾರಿ, ಕವಳಿ, ಕಾರಿ, ತಂಗಡಿ. ನಡುನಡುವೆ ಹುಲ್ಲು. ಬೇಸಿಗೆಯಲ್ಲಿ ಇವು ಎಲೆ ಉದುರಿಸಿ ಒಣಗಿ ನಿಂತಾಗ ನೋಡಿದವರು ‘ಬಂಜರು’ ಎನ್ನುತ್ತಾರೆ. ಕಂದಾಯ ಕಾಗದಗಳಲ್ಲಿಯೂ ದೇಶದ ಇಂಥ ಬಹಳಷ್ಟು ನೆಲ ಅದೇ ಹೆಸರು ಹೊತ್ತಿದೆ. 2022ರಲ್ಲಿ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಎಂಬ ಇಬ್ಬರು ವಿಜ್ಞಾನಿಗಳು ದೇಶದ ಅರೆಶುಷ್ಕ ಹುಲ್ಲುಗಾವಲು, ಕುರುಚಲು ಕಾಡು, ಬಂಡೆ ಬಯಲುಗಳ ನಕ್ಷೆ ಪ್ರಕಟಿಸಿದರು. ಭಾರತದ ಭೂಭಾಗದಲ್ಲಿ ಹತ್ತರಲ್ಲಿ ಒಂದು ಪಾಲು ಇಂಥ ನೈಸರ್ಗಿಕ ಬಯಲೇ ಎಂದು ಅದರಿಂದ ಗೊತ್ತಾಯಿತು. ತೋಳ, ನರಿ, ಕೃಷ್ಣಮೃಗ, ಕೌಜುಗ, ಟಿಟ್ಟಿಭಗಳ ಮನೆ ಅದು. ದಟ್ಟವಾಗಿ ಮರ ನೆಟ್ಟರೆ ಈ ಜೀವಿಗಳಿಗೆ ಜಾಗವೇ ಇಲ್ಲದಂತಾಗುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ನೆಲೆಗಳು ಒಂದೇ ಬಗೆಯವಲ್ಲ. ಗೋಕಾಕದಲ್ಲಿ ಬಂಡೆ ಕೊಳ್ಳ ಮತ್ತು ಕುರುಚಲು ಕಾಡು. ಮೂಡಲಗಿಯ ಕಡೆ ಎರೆಹೊಲಗಳ ನಡುವೆ ಉಳಿದ ಹಳ್ಳದ ದಂಡೆ, ಗಾಂವಠಾಣಾ, ದೇವರ ಬನ. ಹುಕ್ಕೇರಿಯಲ್ಲಿ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದ ಹಿನ್ನೀರು, ಹರಗಾಪುರದ ವಲ್ಲಭಗಡದಂಥ ಕೋಟೆ ಗುಡ್ಡ. ಇವೆಲ್ಲದರ ನಡುವೆ ಧೂಪದಾಳ ಒಡ್ಡಿನ ಹಿನ್ನೀರಿನಲ್ಲಿ 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ, 29.78 ಚದರ ಕಿಲೋಮೀಟರ್ ಹರವಿನದು. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಡೆಮೊಸೆಲ್ ಕ್ರೌಂಚಗಳು, ಯುರೋಪಿನ ಬಿಳಿ ಕೊಕ್ಕರೆಗಳು ಇಲ್ಲಿಗೆ ಬರುತ್ತವೆಂಬುದು ಅದರ ಹೆಗ್ಗಳಿಕೆ. ಕ್ರೌಂಚಕ್ಕೆ ಬೇಕಾದದ್ದು ತೆರೆದ ದಂಡೆ. ಅಲ್ಲಿ ಒತ್ತೊತ್ತಾಗಿ ಸಸಿ ನೆಟ್ಟರೆ ಅದು ಇಳಿಯುವ ಜಾಗವನ್ನೇ ಮುಚ್ಚಿದಂತಾಗುತ್ತದೆ. ‘ಇಲ್ಲಿ ಏನು ನೆಡೋಣ?’ ಎಂಬುದಕ್ಕೆ ಮೊದಲು ‘ಇಲ್ಲಿ ಯಾರಿದ್ದಾರೆ?’ ಎಂದು ಕೇಳಬೇಕು.

ನೆಡುವುದಕ್ಕಿಂತ ಮೊದಲು ಕೀಳುವುದು

ಗುಡ್ಡದ ಪುನಶ್ಚೇತನದಲ್ಲಿ ಅರ್ಧಕ್ಕಿಂತ ಹೆಚ್ಚು ದುಡಿಮೆ ಹೊರಗಿನಿಂದ ಬಂದ ಕಳೆಗಳನ್ನು ತೆಗೆಯುವುದರಲ್ಲೇ ಕಳೆಯುತ್ತದೆ. ಮೂರು ಗಿಡಗಳು ಮುಖ್ಯ. ಲಂಟಾನ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಬಳ್ಳಾರಿ ಜಾಲಿಯ ಬೀಜವನ್ನು 1877ರಲ್ಲಿ ಜಮೈಕಾದಿಂದ ತರಿಸಿ ಕಡಪಾ ಸೀಮೆಯಲ್ಲಿ ಬಿತ್ತಿದರು. ಕಾಂಗ್ರೆಸ್ ಕಸ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಇವತ್ತು ಮೂರೂ ದೇಶವನ್ನು ಆವರಿಸಿವೆ.

ಇವುಗಳನ್ನು ತೆಗೆಯುವ ಬಗೆ ಒಂದೊಂದಕ್ಕೂ ಬೇರೆ. ಲಂಟಾನವನ್ನು ಮೇಲಿಂದ ಕಡಿದರೆ ಒಂದಕ್ಕೆ ಹತ್ತು ಚಿಗುರು. ಬೆಂಕಿ ಹಚ್ಚಿದರೆ ಮಳೆ ಬಿದ್ದೊಡನೆ ಇನ್ನಷ್ಟು ಹುಲುಸು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟ ವಿಧಾನ ಸರಳವಾದದ್ದು. ಕಾಂಡ ಮತ್ತು ಬೇರು ಸೇರುವ ಕಡೆ ಚಿಗುರೊಡೆಯುವ ಗಂಟು ಇರುತ್ತದೆ. ಮಣ್ಣು ಸರಿಸಿ ಆ ಗಂಟಿನಿಂದ ಒಂದೆರಡು ಅಂಗುಲ ಕೆಳಗೆ ಬೇರನ್ನು ಕತ್ತರಿಸಿ, ಇಡೀ ಮೆಳೆಯನ್ನು ಮೇಲೆತ್ತಿ ತಲೆಕೆಳಗಾಗಿ ಮಗುಚಿ ಇಡಬೇಕು. ಬೇರು ಬಿಸಿಲಿಗೆ ಒಣಗುತ್ತದೆ, ಮಣ್ಣು ಹೆಚ್ಚು ಅಲ್ಲಾಡುವುದಿಲ್ಲ, ಔಷಧ ಸಿಂಪಡಿಸುವ ಮಾತೇ ಇಲ್ಲ. ಮುಂದಿನ ಎರಡು ಮೂರು ವರ್ಷ ಅದೇ ಜಾಗದಲ್ಲಿ ಬೀಜದಿಂದ ಮೊಳೆಯುವ ಸಣ್ಣ ಸಸಿಗಳನ್ನು ಕೈಯಿಂದ ಕೀಳಬೇಕು. ಈ ಎರಡನೆಯ ಸುತ್ತು ತಪ್ಪಿದರೆ ಮೊದಲ ಸುತ್ತಿನ ಬೆವರು ವ್ಯರ್ಥ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಅದರ ಸೋಂಕಿನಿಂದ ಹಲವರಿಗೆ ಚರ್ಮ ಕೆರೆತ, ಉಬ್ಬಸ ಬರುವುದರಿಂದ ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಬೇಕೇ ಬೇಕು. ಬಳ್ಳಾರಿ ಜಾಲಿ ಬಂಡೆಯ ಬಿರುಕಿನೊಳಗೆ ಬೇರು ಬಿಟ್ಟಿದ್ದರೆ ಅದು ಎಲ್ಲಕ್ಕಿಂತ ಕಷ್ಟ.

ಆ ಕಷ್ಟವನ್ನು ಗೆದ್ದವರ ಉದಾಹರಣೆ ರಾಜಸ್ಥಾನದಲ್ಲಿದೆ. ಜೋಧಪುರದ ಮೆಹರಾನಗಡ ಕೋಟೆಯ ಪಕ್ಕದ ಸುಮಾರು 70 ಹೆಕ್ಟೇರ್ ಕಲ್ಲುನೆಲವನ್ನು ಬಳ್ಳಾರಿ ಜಾಲಿ ಪೂರ್ತಿ ನುಂಗಿತ್ತು. 2006ರಲ್ಲಿ ಅಲ್ಲಿ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನದ ಕೆಲಸ ಶುರುವಾಯಿತು, ನೇತೃತ್ವ ವಹಿಸಿದವರು ಮರಗಳ ಬಗ್ಗೆ ಬರೆಯುವ ಪ್ರದೀಪ್ ಕ್ರಿಶನ್. ಕಡಿದಷ್ಟೂ ಜಾಲಿ ಚಿಗುರಿತು. ಕೊನೆಗೆ ಅವರು ಹುಡುಕಿಕೊಂಡು ಹೋದದ್ದು ಕಲ್ಲುಗಣಿಯ ಖಂಡವಾಲಿಯಾ ಸಮುದಾಯದವರನ್ನು. ಸುತ್ತಿಗೆ ಬಡಿದು ಸದ್ದಿನಿಂದಲೇ ಕಲ್ಲಿನ ಒಳಗನ್ನು ಅರಿಯುವ ಜನ ಅವರು. ಬೇರು ಹಿಡಿದಿದ್ದ ಬಿರುಕನ್ನು ಉಳಿಯಿಂದ ಬಿಡಿಸಿ ಜಾಲಿಯನ್ನು ಬುಡಸಮೇತ ಕಿತ್ತರು. ಹಾಗೆ ಖಾಲಿಯಾದ ಕಲ್ಲುಗುಳಿಗಳೇ ಆ ಮರುಭೂಮಿಗೆ ಸಲ್ಲುವ ಸ್ಥಳೀಯ ಗಿಡಗಳಿಗೆ ತಾವಾದವು. ಈಗ ಅಲ್ಲಿ ನಡಿಗೆಯ ಜಾಡುಗಳಿವೆ, ಜನ ಬಂದು ಬಂಡೆಯನ್ನೂ ಗಿಡವನ್ನೂ ನೋಡಿ ಕಲಿಯುತ್ತಾರೆ. ಕಲ್ಲು ಕೆಲಸದ ವಡ್ಡರ ಕಸುಬು ತಲೆತಲಾಂತರದಿಂದ ಇರುವ ನಮ್ಮ ನಾಡಿಗೆ ಈ ಪಾಠ ಬಹಳ ಹತ್ತಿರದ್ದು. ಗುಡ್ಡ ಉಳಿಸುವ ಕೆಲಸದಲ್ಲಿ ಪದವಿ ಪಡೆದವರಷ್ಟೇ ದೊಡ್ಡ ಪರಿಣತರು ಕೈಕಸುಬಿನವರು.

ಒಳ್ಳೆಯ ತುಂಡಿನಿಂದ ಶುರು

ಎಲ್ಲಿಂದ ಕೆಲಸ ಶುರು ಮಾಡಬೇಕು? ಎಲ್ಲರ ಮನಸ್ಸು ಹೋಗುವುದು ಅತಿ ಹೆಚ್ಚು ಕೆಟ್ಟ ಜಾಗಕ್ಕೆ. ಆಸ್ಟ್ರೇಲಿಯಾದ ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಿಂದ ತಮ್ಮ ಮನೆಯ ಹತ್ತಿರದ ಕಾಡಿನಲ್ಲಿ ತಿರುಗಾಡುತ್ತ, ದಿನಾ ಒಂದಿಷ್ಟು ಕಳೆ ಕೀಳುತ್ತ, ಇದಕ್ಕೆ ತದ್ವಿರುದ್ಧವಾದ ದಾರಿ ಕಂಡುಕೊಂಡರು. ಅವರ ನಿಯಮಗಳು ಮೂರು. ಸ್ಥಳೀಯ ಗಿಡಗಳು ಇನ್ನೂ ಚೆನ್ನಾಗಿರುವ ಕಡೆಯಿಂದ ಶುರು ಮಾಡಿ ಕೆಟ್ಟ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು. ಸ್ಥಳೀಯ ಗಿಡಗಳು ಎಷ್ಟು ಬೇಗ ಆ ಜಾಗ ತುಂಬುತ್ತವೋ ಅಷ್ಟೇ ವೇಗದಲ್ಲಿ ಮುಂದೆ ಹೋಗಬೇಕು, ಅದಕ್ಕಿಂತ ಜೋರಾಗಿ ಬೇಡ.

ಈ ಮೂರು ನಿಯಮಗಳ ಹಿಂದೆ ಗಟ್ಟಿ ಕಾರಣವಿದೆ. ಒಳ್ಳೆಯ ತುಂಡಿನಲ್ಲಿ ಬೀಜ ಇದೆ, ಬೀಜ ಒಯ್ಯುವ ಹಕ್ಕಿ ಇದೆ, ಮಣ್ಣಿನಲ್ಲಿ ಜೀವ ಇದೆ. ಅಲ್ಲಿ ಹತ್ತು ಲಂಟಾನ ಮೆಳೆ ತೆಗೆದರೆ ಮುಂದಿನ ಮಳೆಗೆ ಆ ಜಾಗದಲ್ಲಿ ತಾನಾಗಿ ಬಾರಿ, ಕವಳಿ, ಹುಲ್ಲು ಏಳುತ್ತವೆ. ಪೂರ್ತಿ ಕೆಟ್ಟ ಜಾಗದಲ್ಲಿ ಅಷ್ಟೇ ದುಡಿದರೆ ಮಳೆಯ ನಂತರ ಏಳುವುದು ಮತ್ತೆ ಕಳೆಯೇ. ಗೋಕಾಕದ ಕೊಳ್ಳಗಳಲ್ಲಿ, ದೇವಸ್ಥಾನಗಳ ಸುತ್ತಿನ ಬನಗಳಲ್ಲಿ, ದನಕರು ಏರಲಾಗದ ಬಂಡೆ ಸಂದುಗಳಲ್ಲಿ ಇಂಥ ಒಳ್ಳೆಯ ತುಂಡುಗಳು ಉಳಿದಿವೆ. ಅವುಗಳ ಅಂಚಿನಿಂದ ಹೊರಗೆ ಹೊರಗೆ ಸಾಗಿದರೆ ಗುಡ್ಡವೇ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ. ಸ್ವಯಂಸೇವಕರು ಅದಕ್ಕೆ ಅಡ್ಡಿಯಾದದ್ದನ್ನು ಸರಿಸಿಕೊಡುತ್ತಾರೆ, ಅಷ್ಟೇ.

ದಾರಿಯ ಕೆಲಸವೆಂದರೆ ನೀರಿನ ಕೆಲಸ

ಇನ್ನು ಕಾಲುದಾರಿ. ಜನರ ಕಾಲಿಗಿಂತ ಹೆಚ್ಚಾಗಿ ದಾರಿಯನ್ನು ಕೆಡಿಸುವುದು ಅದರ ಮೇಲೆ ಹರಿಯುವ ನೀರು. ಇಳಿಜಾರಿಗೆ ನೇರವಾಗಿ ಇಳಿದ ಜಾಡು ಮಳೆಯಲ್ಲಿ ಹಳ್ಳವಾಗುತ್ತದೆ. ಅದಕ್ಕೇ ಅನುಭವಿಗಳು ದಾರಿಯನ್ನು ಗುಡ್ಡದ ಮೈಗೆ ಅಡ್ಡಡ್ಡವಾಗಿ ಒಯ್ಯುತ್ತಾರೆ, ಹತ್ತು ಅಡಿ ನಡೆದರೆ ಒಂದಡಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ. ದಾರಿಯ ಹೊರ ಅಂಚು ಒಳ ಅಂಚಿಗಿಂತ ಒಂದಿಷ್ಟು ತಗ್ಗಾಗಿರಬೇಕು, ಬಿದ್ದ ನೀರು ಉದ್ದಕ್ಕೆ ಓಡದೆ ಅಡ್ಡಕ್ಕೆ ದಾಟಿ ಹೋಗಬೇಕು. ಕಡಿದಾದ ಕಡೆ ಚಪ್ಪಟೆ ಕಲ್ಲುಗಳನ್ನು ಓರೆಯಾಗಿ ಸಾಲು ಹೂತು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಹೊಲದ ಒಡ್ಡಿಗೆ ಕೋಡಿ ಬಿಟ್ಟು ಹೆಚ್ಚಿನ ನೀರನ್ನು ಮೆಲ್ಲಗೆ ಹೊರಹಾಕುವ ನಮ್ಮ ರೈತರಿಗೆ ಈ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೊಲದಲ್ಲಿ ಮಾಡುವುದನ್ನೇ ಅವರು ಗುಡ್ಡದಲ್ಲಿ ಮಾಡಿದರೆ ಆಯಿತು.

ಅಡ್ಡದಾರಿಗಳನ್ನು ಮುಚ್ಚುವುದು ಎರಡನೆಯ ಕೆಲಸ. ತಿರುವಿನಲ್ಲಿ ಜನ ನೇರ ಇಳಿದು ಮಾಡಿದ ಜಾಡಿಗೆ ಜಾಲಿ ಕಂಟಿ ಅಡ್ಡ ಹಾಕಿ, ಮಣ್ಣು ಹಿಡಿಯಲು ಕಲ್ಲಿನ ಸಾಲು ಇಟ್ಟು, ಹುಲ್ಲಿನ ಬೀಜ ಚೆಲ್ಲಿದರೆ ಎರಡು ಮಳೆಗಾಲದಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಮುಖ್ಯ ದಾರಿ ನಡೆಯಲು ಸಲೀಸಾಗಿದ್ದರೆ ಮಾತ್ರ ಜನ ಅದನ್ನು ಬಿಟ್ಟು ಹೋಗುವುದಿಲ್ಲ ಎಂಬುದೂ ನೆನಪಿರಬೇಕು. ಕೌಜುಗ, ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಕೊಂಬಿನ ಗೂಬೆಗೆ ಬಂಡೆಯ ಮೆಟ್ಟಿಲೇ ಗೂಡು. ಒಂದು ಒಳ್ಳೆಯ ದಾರಿ ನೂರು ಜನರನ್ನು ಒಂದೇ ಗೆರೆಯಲ್ಲಿ ಇಟ್ಟರೆ ಉಳಿದ ಗುಡ್ಡವೆಲ್ಲ ಈ ಜೀವಗಳಿಗೆ ಉಳಿಯುತ್ತದೆ. ದಾರಿ ದುರಸ್ತಿಯನ್ನು ಪ್ರವಾಸಿಗರ ಸೌಕರ್ಯವೆಂದು ಮಾತ್ರ ನೋಡುವವರಿಗೆ ಈ ಅರ್ಧ ಕಾಣುವುದಿಲ್ಲ.

ಅಮೆರಿಕದ ಅಪಲಾಚಿಯನ್ ಕಾಲುದಾರಿ ಇದಕ್ಕೆ ದೊಡ್ಡ ಸಾಕ್ಷಿ. ಬೆಂಟನ್ ಮೆಕಾಯ್ 1921ರಲ್ಲಿ ಅದರ ಕಲ್ಪನೆ ಮುಂದಿಟ್ಟರು, 1937ಕ್ಕೆ ದಾರಿ ಪೂರ್ಣವಾಯಿತು. 14 ರಾಜ್ಯಗಳನ್ನು ದಾಟುವ ಸುಮಾರು 3,500 ಕಿಲೋಮೀಟರ್ ಉದ್ದದ ಈ ಜಾಡನ್ನು ಇವತ್ತಿಗೂ ನೋಡಿಕೊಳ್ಳುತ್ತಿರುವುದು ಹೆಚ್ಚಾಗಿ ಊರೂರಿನ ಸ್ವಯಂಸೇವಾ ಸಂಘಗಳು. ಒಂದೊಂದು ಸಂಘಕ್ಕೆ ಒಂದೊಂದು ತುಂಡು. ನಮ್ಮ ಕಡೆ ಪರಿಸ್ಥಿತಿ ಉಲ್ಟಾ: ನಡೆಯುವವರು ಹೆಚ್ಚುತ್ತಿದ್ದಾರೆ, ನೋಡಿಕೊಳ್ಳುವವರು ಇಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಲೇ ಕಿಕ್ಕಿರಿದ ಮೇಲೆ ರಾಜ್ಯ ಸರ್ಕಾರ ಚಾರಣಗಳನ್ನು ತಡೆಹಿಡಿದು, ಆನಂತರ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತರಬೇಕಾಯಿತು. ಸಂಖ್ಯೆಗೆ ಮಿತಿ ಹಾಕುವುದು ಬೇಕು. ಮಿತಿಯೊಳಗೆ ಬಂದವರ ಕಾಲಿಗೆ ಸಿಕ್ಕ ದಾರಿಯನ್ನು ಸರಿಪಡಿಸುವ ಕೈಗಳೂ ಅಷ್ಟೇ ಬೇಕು.

ಈ ನೆಲದಲ್ಲೇ ಇರುವ ಪರಂಪರೆ

‘ಪುಕ್ಕಟೆ ಯಾರ್ ದುಡೀತಾರ್ರೀ?’ ಎಂಬ ಪ್ರಶ್ನೆ ಸಹಜ. ಉತ್ತರ ನಮ್ಮ ಸೀಮೆಯ ಇತಿಹಾಸದಲ್ಲೇ ಇದೆ. ಸುಗ್ಗಿಯಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು, ಜಾತ್ರೆಗೆ ಮುಂಚೆ ಊರೆಲ್ಲ ಸೇರಿ ತೇರಿನ ದಾರಿ ಸಮ ಮಾಡುವುದು, ಕೆರೆಯ ಹೂಳು ತೆಗೆಯುವುದು ಇಲ್ಲಿ ಹೊಸದಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ನೀರು, ನೈರ್ಮಲ್ಯ, ಶಿಸ್ತು ಎಲ್ಲವನ್ನೂ ಹೊತ್ತವರು ಸ್ವಯಂಸೇವಕರು. ಕಕ್ಕಸು ತೊಳೆಯುವ ಕೆಲಸವನ್ನೂ ಓದಿದ ಯುವಕರು ತಾವೇ ಮಾಡಿದರು. ಆ ಕಾಲದ ಸ್ವಯಂಸೇವಕ ಪಡೆ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದವರು ಡಾ. ನಾ.ಸು. ಹರ್ಡೀಕರ. ಅವರ ಹೆಸರು ನಮ್ಮ ಘಟಪ್ರಭೆಯ ಕರ್ನಾಟಕ ಆರೋಗ್ಯ ಧಾಮದೊಂದಿಗೂ ಬೆಸೆದುಕೊಂಡಿದೆ. ಶಿಸ್ತಿನಿಂದ, ಕವಾಯತಿನಂತೆ, ದಿನವೂ ಮಾಡುವ ಸೇವೆಯೇ ಸೇವೆ ಎಂದು ಅವರು ನಂಬಿದ್ದರು. ಗುಡ್ಡಕ್ಕೆ ಬೇಕಾದದ್ದು ಅದೇ ಬಗೆಯ ಸೇವೆ.

ಕರ್ನಾಟಕದ ಇತ್ತೀಚಿನ ಎರಡು ಜೀವಗಳನ್ನು ಇಲ್ಲಿ ನೆನೆಯಬೇಕು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಊರ ಪಕ್ಕದ ಗುಡ್ಡದಲ್ಲಿ ಬೇಸಿಗೆಯಲ್ಲಿ ಹಕ್ಕಿ, ಮೃಗಗಳಿಗೆ ನೀರಿಲ್ಲದ್ದನ್ನು ಕಂಡರು. ಕುರಿ ಮಾರಿ ಸಲಕರಣೆ ಕೊಂಡು ದಶಕಗಳ ಕಾಲ ಒಂದೊಂದೇ ಕಟ್ಟೆ ತೋಡಿದರು. 2022ರ ಅಕ್ಟೋಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಗುಡ್ಡದ ಮೇಲೆ 16 ಕಟ್ಟೆಗಳಿದ್ದವು. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಪತಿ ಚಿಕ್ಕಯ್ಯನವರ ಹೆಚ್ಚಳ ಸಸಿ ನೆಟ್ಟದ್ದಷ್ಟೇ ಅಲ್ಲ. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದರು, ವರ್ಷಗಟ್ಟಲೆ ಕಾದರು. ಇಬ್ಬರದ್ದೂ ಒಂದೇ ಜಾಗ, ಒಂದೇ ಕೆಲಸ, ಇಡೀ ಬಾಳು. ರಾಜ್ಯ ಅರಣ್ಯ ಇಲಾಖೆ ಊರುಗಳ ಹತ್ತಿರ ಬೆಳೆಸುತ್ತಿರುವ ವೃಕ್ಷೋದ್ಯಾನಗಳಿಗೆ ತಿಮ್ಮಕ್ಕನ ಹೆಸರಿದೆ. ಆ ಹೆಸರಿಗೆ ತಕ್ಕ ಗೌರವವೆಂದರೆ ಅವುಗಳ ಪಕ್ಕದ ಊರಿನವರು ಬೇಲಿ, ನೀರು, ಕಳೆಯ ಹೊಣೆಯಲ್ಲಿ ಪಾಲು ಹೊರುವುದು.

ಗುಂಪಾಗಿ ದುಡಿಯುವುದಕ್ಕೆ ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆ ಉದಾಹರಣೆ. 2010ರಲ್ಲಿ ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆ ಹೊತ್ತರು. ಕಳೆ ಕೀಳುವುದು, ದಂಡೆಯ ಗಿಡ ನೋಡುವುದು, ಹಕ್ಕಿ ಎಣಿಸುವುದು ಅವರ ಪಾಲಿಗೆ ವಾಡಿಕೆಯಾಯಿತು. ಬರಿಯ ಉತ್ಸಾಹದ ಜೊತೆಗೆ ಪಾಲಿಕೆಯೊಂದಿಗೆ ಲಿಖಿತ ತಿಳಿವಳಿಕೆ ಇದ್ದದ್ದು ಆ ಕೆಲಸವನ್ನು ಉಳಿಸಿತು.

ಮಳೆಯ ಲೆಕ್ಕದಲ್ಲಿ ವರ್ಷದ ಕೆಲಸ

ನಮ್ಮಲ್ಲಿ ಪರಿಸರದ ಕೆಲಸ ಜೂನ್ 5ರ ಸುತ್ತ, ಜುಲೈ ಮೊದಲ ವಾರದ ವನಮಹೋತ್ಸವದ ಸುತ್ತ ಮುಗಿದುಹೋಗುತ್ತದೆ. ಗುಡ್ಡಕ್ಕೆ ಅದರದೇ ಪಂಚಾಂಗವಿದೆ.

ಬೇಸಿಗೆಯ ಕೊನೆಗೆ, ರೋಹಿಣಿ ಮಳೆಗೆ ಮುಂಚೆ, ಕಮರ, ಮುತ್ತಲದ ಬೀಜ ಆಯಬೇಕು. ಇದೇ ಗುಡ್ಡದ ಬೀಜ ಇದೇ ಗುಡ್ಡದಲ್ಲಿ ಬದುಕುವ ಸಾಧ್ಯತೆ ಹೆಚ್ಚು. ಮಿರಗ, ಆರಿದ್ರಾ ಮಳೆಯಲ್ಲಿ, ತಾನಾಗಿ ಗಿಡ ಏಳದ ಕಡೆ ಮಾತ್ರ ಬೀಜ ಊರಬೇಕು, ಸಸಿ ನೆಡಬೇಕು. ಅದೇ ಹೊತ್ತಿಗೆ ಮಳೆ ಸುರಿಯುತ್ತಿರುವಾಗಲೇ ದಾರಿಯ ಸುರಕ್ಷಿತ ಭಾಗದಲ್ಲಿ ನಡೆದು ನೀರು ಎಲ್ಲಿ ಸೇರುತ್ತದೆ, ಎಲ್ಲಿ ಕೊರೆಯುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಒಣಗಿದ ಮೇಲೆ ಅದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಶ್ರಾವಣದಲ್ಲಿ ಕಾಂಗ್ರೆಸ್ ಕಸ ಹೂ ಬಿಡುವ ಮೊದಲು ಕೀಳಬೇಕು. ಪ್ರವಾಸಿಗರು ಹೆಚ್ಚಿರುವ ಆ ವಾರಗಳಲ್ಲಿ ಇಬ್ಬರು ಮೂವರು ದಾರಿಯಲ್ಲಿ ನಿಂತು ‘ಈ ಕಡೆಯಿಂದ ಬರ್ರಿ’ ಎಂದು ಹೇಳುವುದೂ ಸೇವೆಯೇ.

ಸೀಗಿ ಹುಣ್ಣಿಮೆಯಿಂದ ದೀಪಾವಳಿಯವರೆಗಿನ ದಿನಗಳು ದಾರಿ ದುರಸ್ತಿಗೆ ಹೇಳಿ ಮಾಡಿಸಿದಂಥವು. ಹಿಂಗಾರಿನ ಹಸಿ ನೆಲದಲ್ಲಿದೆ, ಗುದ್ದಲಿ ಸುಲಭವಾಗಿ ಇಳಿಯುತ್ತದೆ, ಲಂಟಾನದ ಬೇರೂ ಬಿಡಿಸಲು ಬರುತ್ತದೆ. ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯ ಹೊತ್ತಿಗೆ ಧೂಪದಾಳದಲ್ಲಿ ವಲಸೆ ಹಕ್ಕಿ ಎಣಿಸಿ ಬರೆದಿಡಬಹುದು. ಶಿವರಾತ್ರಿಯಿಂದ ಯುಗಾದಿಯವರೆಗೆ ಬೆಂಕಿಯ ಕಾಲ. ಗದಗ ಜಿಲ್ಲೆಯ ಕಪ್ಪತಗುಡ್ಡ ಜನರ ಹೋರಾಟದಿಂದ 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಯೂ ಬೇಸಿಗೆ ಬಂತೆಂದರೆ ಒಣಹುಲ್ಲಿನ ಬೆಂಕಿಯದ್ದೇ ಚಿಂತೆ. ಅರಣ್ಯ ಸಿಬ್ಬಂದಿ ಬೆಂಕಿ ಗೆರೆ ತೆಗೆಯುವಾಗ ಕೈಜೋಡಿಸುವುದು, ಹೊಗೆ ಕಂಡೊಡನೆ ತಿಳಿಸುವುದು, ಬೀಡಿ ಸೇದಿ ಎಸೆಯದಂತೆ ಬಂದವರಿಗೆ ಹೇಳುವುದು ಸ್ವಯಂಸೇವಕರ ಪಾಲು. ಉರಿಯುವ ಬೆಂಕಿಗೆ ನುಗ್ಗುವುದು ತರಬೇತಿ ಇಲ್ಲದವರ ಕೆಲಸವಲ್ಲ.

ಅನುಮತಿ, ಎಚ್ಚರ, ಜೊತೆಗಾರರು

ಮೀಸಲು ಅರಣ್ಯದಲ್ಲಿ, ಪಕ್ಷಿಧಾಮದಲ್ಲಿ ಅನುಮತಿ ಇಲ್ಲದೆ ಒಂದು ಕೊಂಬೆ ಕಡಿಯುವುದೂ ಅಪರಾಧ. ಕರ್ನಾಟಕ ಅರಣ್ಯ ಕಾಯಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎರಡೂ ಇಲ್ಲಿ ಅನ್ವಯಿಸುತ್ತವೆ. ವಲಯ ಅರಣ್ಯಾಧಿಕಾರಿಗಳ ಬಳಿ ಹೋಗಿ, ಯಾವ ತುಂಡು, ಯಾವ ಕೆಲಸ, ಎಷ್ಟು ಜನ, ಯಾವ ತಿಂಗಳು ಎಂದು ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. 1993ರಿಂದ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳ ವ್ಯವಸ್ಥೆ ಇದೆ. ಸಮಿತಿ ಇರುವ ಊರಲ್ಲಿ ಅದರ ಮೂಲಕವೇ ಹೋಗುವುದು ಒಳ್ಳೆಯದು. ಪಂಚಾಯಿತಿಯ ಗಾಂವಠಾಣಾ, ಕೆರೆದಂಡೆಗಾದರೆ ಗ್ರಾಮಸಭೆಯಲ್ಲಿ ಮಾತಾಡಿ ಪಂಚಾಯಿತಿಯ ಒಪ್ಪಿಗೆ ಪಡೆಯಬೇಕು.

ಈ ಬಂಡೆಗಳ ಬಗ್ಗೆ ಎಚ್ಚರವೂ ಇರಬೇಕು. 2019ರ ಅಕ್ಟೋಬರಿನ ಮಳೆಯಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಬಂಡೆಗಳು ಸಡಿಲಗೊಂಡು ಕೆಳಗಿನ ಬಡಾವಣೆಯ ಜನ ಜೀವ ಕೈಯಲ್ಲಿ ಹಿಡಿದು ಕೂತದ್ದು ಎಲ್ಲರಿಗೂ ನೆನಪಿದೆ. ಆಧಾರವಾಗಿರುವ ಕಲ್ಲನ್ನು ಕೀಳುವುದು, ಬಂಡೆಯ ಬುಡ ಅಗೆಯುವುದು, ಜಲಪಾತದ ಅಂಚಿನಲ್ಲಿ ಕೆಲಸ ಮಾಡುವುದು ಕೂಡದು. ಕಲ್ಲಿನಡಿ ಹಾವು, ಚೇಳು ಇರುತ್ತವೆ. ಕೈ ಹಾಕುವ ಮೊದಲು ಹಾರೆಯಿಂದ ಸರಿಸಬೇಕು. ದಪ್ಪ ಬೂಟು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಲ್ಲದೆ ಹೊರಡಬಾರದು.

ಜೊತೆಗಾರರಿಗೆ ಕೊರತೆಯಿಲ್ಲ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಪ್ರತಿ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ತಾಸು ಸೇವೆ ಮಾಡಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರದ ಕಾಲೇಜುಗಳ ಒಂದೊಂದು ತಂಡ ಹತ್ತಿರದ ಒಂದೊಂದು ತುಂಡು ಗುಡ್ಡವನ್ನು, ಒಂದೊಂದು ಕಿಲೋಮೀಟರ್ ದಾರಿಯನ್ನು ಹಿಡಿದರೆ, ಹಳೆಯ ವಿದ್ಯಾರ್ಥಿಗಳು ಹೊಸಬರಿಗೆ ಅದನ್ನು ಒಪ್ಪಿಸುತ್ತ ಹೋದರೆ, ಆ ತಾಸುಗಳಿಗೆ ಬೆಲೆ ಬರುತ್ತದೆ. ಬೆಳಿಗ್ಗೆ ಗುಡ್ಡಕ್ಕೆ ತಿರುಗಾಡಲು ಹೋಗುವ ಹಿರಿಯರು, ಗೋಕಾಕ ಗಿರಣಿಯಿಂದ ನಿವೃತ್ತರಾದವರು, ಸ್ವಸಹಾಯ ಸಂಘದ ಅಕ್ಕಂದಿರು ಎಲ್ಲರಿಗೂ ಇಲ್ಲಿ ಕೆಲಸವಿದೆ. ಎಲ್ಲರಿಗಿಂತ ಮೊದಲು ಕರೆಯಬೇಕಾದವರು ಕುರಿಗಾಹಿಗಳು. ಯಾವ ಸೆಲೆಯಲ್ಲಿ ಬೇಸಿಗೆಯಲ್ಲೂ ನೀರಿದೆ, ಯಾವ ಹುಲ್ಲು ಯಾವಾಗ ಬೀಜ ಕಟ್ಟುತ್ತದೆ, ಮೊದಲು ಇದ್ದ ಯಾವ ಗಿಡ ಈಗ ಕಾಣುವುದಿಲ್ಲ ಎಂಬುದು ಅವರಿಗೆ ಗೊತ್ತು. ಗುಡ್ಡ ಅವರ ಬದುಕೂ ಹೌದು. ಅವರನ್ನು ಹೊರಗಿಟ್ಟು ಬೇಲಿ ಹಾಕಿದ ಯಾವ ಕೆಲಸವೂ ನಿಲ್ಲುವುದಿಲ್ಲ. ಯಾವ ಇಳಿಜಾರಿಗೆ ಎರಡು ವರ್ಷ ಕುರಿ ಬಿಡಬಾರದು, ಬದಲಿಗೆ ಎಲ್ಲಿ ಬಿಡಬಹುದು ಎಂದು ಅವರೊಂದಿಗೆ ಕೂತು ಗೊತ್ತುಮಾಡಿದರೆ ಅವರೇ ಕಾವಲುಗಾರರಾಗುತ್ತಾರೆ.

ಯಾವುದನ್ನು ಎಣಿಸಬೇಕು

ಸಸಿಗಳ ಸಂಖ್ಯೆ, ಬಂದ ಜನರ ಸಂಖ್ಯೆ, ತುಂಬಿದ ಕಸದ ಚೀಲಗಳ ಸಂಖ್ಯೆ ವರದಿಗೆ ಚೆನ್ನಾಗಿ ಕಾಣುತ್ತವೆ. ಗುಡ್ಡ ಸುಧಾರಿಸಿತೇ ಎಂಬುದನ್ನು ಅವು ಹೇಳುವುದಿಲ್ಲ. ಒಂದು ನೋಟ್‌ಬುಕ್ ಇಟ್ಟು ಬೇರೆಯದನ್ನು ಬರೆಯಬೇಕು. ಲಂಟಾನ ತೆಗೆದ ಜಾಗದಲ್ಲಿ ತಾನಾಗಿ ಎದ್ದ ಸ್ಥಳೀಯ ಗಿಡಗಳೆಷ್ಟು? ನೆಟ್ಟವುಗಳಲ್ಲಿ ಎರಡು ಬೇಸಿಗೆ ದಾಟಿದವು ಎಷ್ಟು? ದಾರಿಯ ಅಗಲ ಕಳೆದ ವರ್ಷಕ್ಕಿಂತ ಕಡಿಮೆಯಾಯಿತೇ? ಮುಚ್ಚಿದ ಅಡ್ಡದಾರಿಯಲ್ಲಿ ಹುಲ್ಲು ಬಂತೇ? ಬೆಂಕಿ ಬಿದ್ದಿತೇ? ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ, ವರ್ಷಕ್ಕೆರಡು ಸಲ ತೆಗೆದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಮೊದಲ ವರ್ಷ ಹೆಚ್ಚೇನೂ ಕಾಣುವುದಿಲ್ಲ, ಎರಡನೆಯ ವರ್ಷ ಹುಲ್ಲು ಕಾಣುತ್ತದೆ, ಮೂರನೆಯ ವರ್ಷಕ್ಕೆ ನೋಟ್‌ಬುಕ್ಕೇ ಮಾತಾಡತೊಡಗುತ್ತದೆ.

ಘಟಪ್ರಭೆಯ ನೀರು ನಮಗೆ ಬಹಳ ಕೊಟ್ಟಿದೆ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಗಿರಣಿ ಅದರ ಬಲದಿಂದ ನೂಲು ತೆಗೆಯಿತು, ಧೂಪದಾಳ ಮತ್ತು ಹಿಡಕಲ್‌ನ ಕಾಲುವೆಗಳು ಲಕ್ಷಾಂತರ ಎಕರೆಗೆ ಬೆಳೆ ಕೊಟ್ಟವು. ಗುಡ್ಡಗಳು ಬಿದ್ದ ಮಳೆಯನ್ನು ಹಿಡಿದು ಹಳ್ಳಗಳಿಗೆ ಬಿಟ್ಟವು, ಉರುವಲು, ಮೇವು, ಔಷಧಿ, ಹಣ್ಣು ಕೊಟ್ಟವು. ಕೊಟ್ಟದ್ದಕ್ಕೆ ಮುಯ್ಯಿ ತೀರಿಸುವ ರೂಢಿ ಇರುವ ಊರು ನಮ್ಮದು. ತಿಂಗಳಿಗೆ ಒಂದು ಭಾನುವಾರ, ಬೆಳಗಿನ ಮೂರು ತಾಸು, ಒಂದೇ ತುಂಡು ಗುಡ್ಡ. ಕೇಳುತ್ತಿರುವುದು ಇಷ್ಟೇ. ಮುಂದಿನ ವಾರ ವಲಯ ಅರಣ್ಯ ಕಚೇರಿಗೆ ಒಂದು ಅರ್ಜಿ ಕೊಡುವುದರಿಂದ ಇದನ್ನು ಶುರು ಮಾಡಬಹುದು. ಅರ್ಜಿಯಲ್ಲಿ ಹತ್ತು ಹೆಸರಿರಲಿ, ಆ ಹತ್ತೂ ಹೆಸರು ಮೂರು ವರ್ಷದ ನಂತರವೂ ನೋಟ್‌ಬುಕ್ಕಿನಲ್ಲಿ ಇರುವಂತೆ ನೋಡಿಕೊಳ್ಳೋಣ.